ನೆಟ್ಟವರು ಯಾರೋ, ನೀರೆರೆದವರು ಯಾರೋ

ಧರ್ಮಕೇಂದ್ರದ ದಾಖಲೆ ಪುಸ್ತಕಗಳಲ್ಲಿ ಜ್ಞಾನಸ್ನಾನ ಪಡೆದವರ ಹೆಸರಿದೆ, ವಿವಾಹವಾದವರ ಹೆಸರಿದೆ, ಮಣ್ಣಾದವರ ಹೆಸರೂ ಇದೆ. ಆದರೆ ಗುರುಮನೆಯ ಹಿತ್ತಿಲಿನಲ್ಲಿ ತೆಂಗಿನ ಸಸಿಗಳನ್ನು ನೆಟ್ಟವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಗುರುದೀಕ್ಷೆ ಪಡೆದ ಮೇಲೆ ನಾನು ಹಲವು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ್ದೇನೆ. ಹೋದ ಕಡೆಯಲ್ಲೆಲ್ಲ ಎಳನೀರು ಕುಡಿದಿದ್ದೇನೆ. ನಾನು ನೆಟ್ಟ ಸಸಿಯ ಎಳನೀರನ್ನು ಮಾತ್ರ ಒಮ್ಮೆಯೂ ಕುಡಿದಿಲ್ಲ. ತೆಂಗು ಫಲಕ್ಕೆ ಬರುವ ಹೊತ್ತಿಗೆ ಧರ್ಮಾಧ್ಯಕ್ಷರಿಂದ ವರ್ಗಾವಣೆಯ ಪತ್ರ ಬಂದಿರುತ್ತದೆ. ಇದು ಗುರುಗಳಾದವರೆಲ್ಲರ ಅನುಭವ.

ಒಂದು ಊರಿನಲ್ಲಿದ್ದಾಗ ದೇವಾಲಯದ ಪಕ್ಕದ ಕಲ್ಲುನೆಲವನ್ನು ಅಗೆಸಿ, ಕೆರೆಯ ಮಣ್ಣು ಹೊರಿಸಿ, ಹನ್ನೆರಡು ಸಪೋಟ ಕಸಿಗಿಡಗಳನ್ನು ನೆಟ್ಟಿದ್ದೆ. ಧರ್ಮೋಪದೇಶದ ತರಗತಿಗೆ ಬರುತ್ತಿದ್ದ ಮಕ್ಕಳು ಸರದಿಯಂತೆ ನೀರು ಹಾಕುತ್ತಿದ್ದರು. ವರ್ಗವಾಗಿ ಹೋದ ಆರು ವರ್ಷಗಳ ಮೇಲೆ ಒಂದು ವಿವಾಹದ ಬಲಿಪೂಜೆಗೆಂದು ಅದೇ ಊರಿಗೆ ಹೋದೆ. ಅಲ್ಲಿ ತೋಟವಿರಲಿಲ್ಲ. ನೆಲವನ್ನು ಸಮಮಾಡಿ, ಕಲ್ಲು ಹಾಸಿ, ವಾಹನಗಳನ್ನು ನಿಲ್ಲಿಸಲು ಜಾಗ ಮಾಡಿದ್ದರು. ಯಾರನ್ನೂ ದೂರುವಂತಿರಲಿಲ್ಲ, ಊರು ಬೆಳೆದಿತ್ತು, ಜಾಗದ ಅಗತ್ಯವೂ ಇತ್ತು. ಆದರೂ ಅಂದಿನ ಮದುವೆಯೂಟ ನನಗೆ ರುಚಿಸಲಿಲ್ಲ. ಮರಳಿ ಬಂದು ರಾತ್ರಿ ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲಲಿಲ್ಲ. ನನ್ನನ್ನು ಕಾಡಿದ್ದು ಸಪೋಟ ಮರಗಳಷ್ಟೇ ಅಲ್ಲ. ಇಷ್ಟು ವರ್ಷಗಳ ಬೋಧನೆ, ಮನೆಭೇಟಿ, ಸಂಧಾನ, ಸಾಂತ್ವನ, ಇವುಗಳ ಗತಿಯೂ ಇದೇ ಆಗಿರಬಹುದಲ್ಲವೇ ಎಂಬ ಪ್ರಶ್ನೆ ಎದ್ದು ನಿಂತಿತ್ತು.

ಆ ಪ್ರಶ್ನೆಯನ್ನು ಹೊತ್ತು ನಾನು ಧರ್ಮಸಭೆಯ ಇತಿಹಾಸದಲ್ಲಿ ಗುದ್ದಲಿ ಹಿಡಿದವರ ಕಥೆಗಳನ್ನು ಮತ್ತೆ ಓದತೊಡಗಿದೆ. ಗುರುಮಠದ ದಿನಗಳಲ್ಲಿ ಪರೀಕ್ಷೆಗಾಗಿ ಓದಿದ್ದ ಹೆಸರುಗಳೇ ಅವು. ಈ ಸಲ ಅವರನ್ನು ತೋಟಗಾರರೆಂದು ಓದಿದೆ. ಪ್ರಿಯ ಓದುಗರೇ, ಅಲ್ಲಿ ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮರುಭೂಮಿಯಲ್ಲಿ ಒಂದು ತರಕಾರಿ ಮಡಿ

ಪವಿತ್ರ ಗ್ರಂಥವು ತೋಟದಿಂದಲೇ ಮಾನವನ ಕಥೆಯನ್ನು ಆರಂಭಿಸುತ್ತದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿರಿಸಿದ್ದು ಅದನ್ನು ವ್ಯವಸಾಯ ಮಾಡಲು ಮತ್ತು ಕಾಯಲು. ಪಾಪಕ್ಕೆ ಮುಂಚೆಯೇ ದುಡಿಮೆ ಇತ್ತು ಎಂಬುದನ್ನು ನಾವು ಗಮನಿಸಬೇಕು. ಶಾಪವಾಗಿ ಬಂದದ್ದು ಮುಳ್ಳು ಮತ್ತು ಬೆವರೇ ಹೊರತು ದುಡಿಮೆಯಲ್ಲ. ಸಂತ ಯೊವಾನ್ನರ ಶುಭಸಂದೇಶದ ಪ್ರಕಾರ ಪ್ರಭು ಯೇಸುವನ್ನು ಸಮಾಧಿ ಮಾಡಿದ್ದೂ ತೋಟದಲ್ಲಿಯೇ; ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಪ್ರಭುವನ್ನು ಕಂಡು, ಈತ ತೋಟಗಾರನಿರಬೇಕೆಂದು ಭಾವಿಸಿದಳು. ಆಕೆ ಪೂರ್ತಿಯಾಗಿ ತಪ್ಪಾಗಿ ತಿಳಿದಿರಲಿಲ್ಲವೆಂದು ಹಿಂದಿನ ವ್ಯಾಖ್ಯಾನಕಾರರು ಹೇಳುತ್ತಾ ಬಂದಿದ್ದಾರೆ.

ಕ್ರೈಸ್ತ ಸನ್ಯಾಸದ ಪಿತಾಮಹರೆಂದು ಕರೆಯಲಾಗುವ ಈಜಿಪ್ಟಿನ ಸಂತ ಅಂತೋಣಿಯವರು ಸುಮಾರು 251ರಲ್ಲಿ ಜನಿಸಿ 356ರಲ್ಲಿ ತೀರಿಕೊಂಡರು. ನಮ್ಮ ಜನರು ಡೋರ್ನಹಳ್ಳಿಗೆ ಹೋಗಿ ಹರಕೆ ತೀರಿಸುವುದು ಪಾದುವಾದ ಸಂತ ಅಂತೋಣಿಯವರಿಗೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಅವರ ಪ್ರತಿಮೆ ದೊರೆಯಿತೆಂಬ ಅಲ್ಲಿನ ಕಥೆಯೂ ಪ್ರಸಿದ್ಧವೇ. ನಾನು ಹೇಳುತ್ತಿರುವುದು ಅವರಿಗಿಂತ ಸುಮಾರು ಒಂಬೈನೂರು ವರ್ಷಗಳಷ್ಟು ಹಿಂದಿನ ಮರುಭೂಮಿಯ ಅಂತೋಣಿಯವರನ್ನು ಕುರಿತು. ಇವರ ಚರಿತ್ರೆಯನ್ನು ಬರೆದವರು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸ್.

ಅಂತೋಣಿಯವರು ದೂರದ ಬೆಟ್ಟವೊಂದರ ಬುಡದಲ್ಲಿ ನೆಲೆಸಿದಾಗ ಶಿಷ್ಯರು ಅವರಿಗೆ ರೊಟ್ಟಿಯನ್ನು ಹೊತ್ತು ತರುತ್ತಿದ್ದರು. ತನಗಾಗಿ ಇತರರು ಇಷ್ಟು ಶ್ರಮಪಡುವುದನ್ನು ಕಂಡು ಅವರು ಒಂದು ಗುದ್ದಲಿ, ಒಂದು ಕೊಡಲಿ, ಸ್ವಲ್ಪ ಬೀಜದ ಧಾನ್ಯ ತರಲು ಹೇಳಿದರು. ನೀರಿದ್ದ ಕಡೆ ಚಿಕ್ಕ ತುಂಡು ನೆಲವನ್ನು ಹಸನುಮಾಡಿ ಬಿತ್ತಿದರು. ಯಾರಿಗೂ ಹೊರೆಯಾಗದೆ ಬದುಕುವಂತಾಯಿತಲ್ಲ ಎಂದು ಸಂತೋಷಪಟ್ಟರು. ಆಮೇಲೆ, ಕಷ್ಟದ ದಾರಿ ನಡೆದು ತಮ್ಮನ್ನು ಕಾಣಲು ಬರುವವರಿಗೆ ಸ್ವಲ್ಪ ಉಪಶಮನವಾಗಲಿ ಎಂದು ತರಕಾರಿಯನ್ನೂ ಹಾಕಿದರು. ನೀರಿಗೆ ಬರುತ್ತಿದ್ದ ಕಾಡುಪ್ರಾಣಿಗಳು ಬೆಳೆಯನ್ನು ತುಳಿದು ಹಾಳುಮಾಡಿದಾಗ, ಅವರು ಒಂದು ಪ್ರಾಣಿಯನ್ನು ಮೆಲ್ಲನೆ ಹಿಡಿದು, ನಾನು ನಿಮಗೆ ಕೇಡು ಮಾಡಿಲ್ಲವಲ್ಲ, ನೀವೇಕೆ ನನಗೆ ಕೇಡು ಮಾಡುತ್ತೀರಿ ಎಂದು ಎಲ್ಲವಕ್ಕೂ ಕೇಳಿಸುವಂತೆ ವಿಚಾರಿಸಿದರಂತೆ. ಮತ್ತೆ ಅವು ಆ ಕಡೆ ಸುಳಿಯಲಿಲ್ಲವೆಂದು ಅಥನಾಸಿಯುಸರು ಬರೆಯುತ್ತಾರೆ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪವಾಡಕ್ಕಿಂತ ಆ ತರಕಾರಿ ಮಡಿ. ಧಾನ್ಯವನ್ನು ಅವರು ತಮಗಾಗಿ ಬೆಳೆದರು, ತರಕಾರಿಯನ್ನು ಬರುವವರಿಗಾಗಿ. ಜಗತ್ತನ್ನು ತೊರೆದ ಮನುಷ್ಯನ ತೋಟದಲ್ಲಿಯೂ ಪರರ ಪಾಲೊಂದು ಮೊದಲೇ ಬಿತ್ತನೆಯಾಗಿತ್ತು.

ಒಣಕೋಲಿನ ಎರಡು ಕಥೆಗಳು

ಈಜಿಪ್ಟಿನ ಅದೇ ಮರುಭೂಮಿಯಿಂದ ಇನ್ನೊಂದು ಪ್ರಸಿದ್ಧ ಕಥೆ ಬಂದಿದೆ. ಗಿಡ್ಡ ಯೊವಾನ್ನರೆಂದು ಹೆಸರಾದ ಸನ್ಯಾಸಿಯೊಬ್ಬರು ಸ್ಕೇತಿಸ್ ಎಂಬಲ್ಲಿ ಹಿರಿಯರೊಬ್ಬರ ಶಿಷ್ಯರಾಗಿದ್ದರು. ಹಿರಿಯರು ಒಂದು ಒಣಕೋಲನ್ನು ನೆಲದಲ್ಲಿ ನೆಟ್ಟು, ಇದು ಫಲ ಕೊಡುವವರೆಗೆ ದಿನವೂ ನೀರು ಹಾಕು ಎಂದರು. ನೀರು ಬಹು ದೂರವಿತ್ತು. ಸಂಜೆ ಹೊರಟರೆ ಬೆಳಗ್ಗೆ ಹಿಂದಿರುಗುವಷ್ಟು ದೂರ. ಮೂರು ವರ್ಷಗಳಾದ ಮೇಲೆ ಕೋಲು ಚಿಗುರಿ ಹಣ್ಣು ಬಿಟ್ಟಿತು. ಹಿರಿಯರು ಆ ಹಣ್ಣನ್ನು ದೇವಾಲಯಕ್ಕೆ ಒಯ್ದು, ವಿಧೇಯತೆಯ ಫಲವಿದು ಎಂದು ಸಹೋದರರಿಗೆ ಹಂಚಿದರು. ವಿಧೇಯತೆಯನ್ನು ಕುರಿತ ಪ್ರಸಂಗಗಳಲ್ಲಿ ನಾವೆಲ್ಲ ಈ ಕಥೆಯನ್ನು ಕೇಳಿದ್ದೇವೆ, ಹೇಳಿಯೂ ಇದ್ದೇವೆ.

ಆದರೆ ಇದಕ್ಕೆ ಇನ್ನೊಂದು ರೂಪವಿದೆ. ಅದನ್ನು ದಾಖಲಿಸಿದವರು 5ನೆಯ ಶತಮಾನದ ಆರಂಭದಲ್ಲಿ ಮರುಭೂಮಿಯ ಬದುಕನ್ನು ಪಶ್ಚಿಮದ ಮಠಗಳಿಗೆ ಪರಿಚಯಿಸಿದ ಯೊವಾನ್ನ ಕಾಸಿಯಾನ್. ಅವರು ಹೇಳುವ ಶಿಷ್ಯನ ಹೆಸರೂ ಯೊವಾನ್ನನೇ, ಲೈಕೊಪೊಲಿಸಿನವನು. ಅಲ್ಲಿಯೂ ಒಣಕೋಲು, ಅಲ್ಲಿಯೂ ಸುಮಾರು ಎರಡು ಮೈಲಿ ದೂರದ ನೀರು. ಶಿಷ್ಯನು ಕಾಯಿಲೆಯಾದರೂ ಹಬ್ಬವಿದ್ದರೂ ಒಂದು ದಿನವೂ ತಪ್ಪಿಸದೆ ಒಂದು ವರ್ಷ ನೀರು ಹೊತ್ತನು. ವರ್ಷದ ಕೊನೆಗೆ ಹಿರಿಯರು ಬಂದು, ಬೇರು ಬಿಟ್ಟಿದೆಯೇ ಎಂದು ಕೇಳಿದರು. ತನಗೆ ತಿಳಿಯದೆಂದು ಶಿಷ್ಯನು ಹೇಳಿದನು. ಹಿರಿಯರು ಕೋಲನ್ನು ಮೆಲ್ಲನೆ ಎಳೆದರು. ಅದು ಸಲೀಸಾಗಿ ಕೈಗೆ ಬಂತು. ಅದನ್ನು ಎಸೆದು, ಇನ್ನು ನೀರು ಹಾಕುವುದು ಬೇಡ ಎಂದರು. ಕಥೆ ಅಲ್ಲಿಗೆ ಮುಗಿಯುತ್ತದೆ. ಚಿಗುರಿಲ್ಲ, ಹಣ್ಣಿಲ್ಲ.

ಪ್ರಸಂಗಪೀಠದಲ್ಲಿ ನಾವು ಮೊದಲನೆಯ ಕಥೆಯನ್ನೇ ಹೇಳುತ್ತೇವೆ, ಏಕೆಂದರೆ ಅದು ಹಿತವಾಗಿದೆ. ಆದರೆ ಬದುಕಿನಲ್ಲಿ ಎರಡನೆಯ ಕಥೆ ನಮ್ಮಲ್ಲಿ ಬಹಳ ಮಂದಿಗೆ ಬಂದೊದಗುತ್ತದೆ. ಕುಡಿತ ಬಿಡದ ಮಗನಿಗಾಗಿ ಜಪಸರ ಹಿಡಿದು ಕೂರುವ ತಾಯಿಗೆ, ಹಾಸಿಗೆ ಹಿಡಿದ ಗಂಡನ ಶುಶ್ರೂಷೆಯಲ್ಲಿ ಯೌವನ ಕಳೆದ ಹೆಂಡತಿಗೆ ಕೋಲು ಚಿಗುರಲಿಲ್ಲವೆಂದು ಹೇಳಿಕೊಡಬೇಕಾಗಿಲ್ಲ. ಕಾಸಿಯಾನರ ಶಿಷ್ಯನ ಒಂದು ವರ್ಷ ವ್ಯರ್ಥವಾಯಿತೇ? ಕಾಸಿಯಾನರು ಹಾಗೆ ಎಣಿಸಲಿಲ್ಲ. ಕೋಲಿನಲ್ಲಿ ಬೇರು ಬಿಡದಿದ್ದುದು ಶಿಷ್ಯನಲ್ಲಿ ಬೇರು ಬಿಟ್ಟಿತ್ತು. ಎರಡೂ ಕಥೆಗಳನ್ನು ಧರ್ಮಸಭೆ ಉಳಿಸಿಕೊಂಡಿದೆಯೆಂಬುದೇ ನನಗೆ ದೊಡ್ಡ ಸಮಾಧಾನ.

ಗುದ್ದಲಿಗೂ ಪೂಜಾಪಾತ್ರೆಗೂ ಒಂದೇ ಗೌರವ

ಸಂತ ಬೆನೆಡಿಕ್ಟರ (ಸು. 480–547) ಜೀವನವನ್ನು ಜಗದ್ಗುರು ಮಹಾ ಗ್ರೆಗೊರಿಯವರು 6ನೆಯ ಶತಮಾನದ ಕೊನೆಯಲ್ಲಿ ಬರೆದರು. ಅದರಲ್ಲೊಂದು ಪ್ರಸಂಗವಿದೆ. ಗೋಥ್ ಜನಾಂಗದ ಬಡವನೊಬ್ಬನು ಸನ್ಯಾಸಿಯಾಗಲು ಮಠಕ್ಕೆ ಬಂದನು. ಇಟಲಿಯನ್ನು ಗೆದ್ದು ಆಳುತ್ತಿದ್ದ ಜನಾಂಗ ಅದು. ರೋಮನರು ಅವರನ್ನು ಅನಾಗರಿಕರೆಂದು ಕಾಣುತ್ತಿದ್ದರು. ತೋಟ ಮಾಡಲೆಂದು ಸರೋವರದ ದಡದ ಮುಳ್ಳುಪೊದೆಗಳನ್ನು ಸವರಲು ಅವನ ಕೈಗೆ ಒಂದು ಕುಡುಗೋಲನ್ನು ಕೊಟ್ಟರು. ಅವನು ಬಲವಾಗಿ ಬೀಸಿದಾಗ ಕಬ್ಬಿಣದ ಅಲಗು ಹಿಡಿಯಿಂದ ಕಳಚಿ ಆಳವಾದ ನೀರಿಗೆ ಬಿತ್ತು. ಅವನು ನಡುಗುತ್ತಾ ತಪ್ಪೊಪ್ಪಿಕೊಂಡನು. ಬೆನೆಡಿಕ್ಟರು ಬಂದು ಹಿಡಿಯನ್ನು ನೀರಿನಲ್ಲಿ ಅದ್ದಿದರು. ಅಲಗು ಮೇಲೆದ್ದು ಹಿಡಿಗೆ ಸೇರಿಕೊಂಡಿತು. ಅದನ್ನು ಅವನಿಗೆ ಕೊಟ್ಟು, ಕೆಲಸ ಮುಂದುವರಿಸು, ದುಃಖಿಸಬೇಡ ಎಂದು ಸಮಾಧಾನಪಡಿಸಿದರು.

ಈ ಸಂತರು ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ ತೋಟಕ್ಕೆ ಖಚಿತವಾದ ಸ್ಥಾನವಿದೆ. ನೀರು, ಬೀಸುವ ಗಿರಣಿ, ತೋಟ ಇವು ಮಠದ ಆವರಣದೊಳಗೇ ಇರಬೇಕೆಂದು 66ನೆಯ ಅಧ್ಯಾಯ ಹೇಳುತ್ತದೆ. ಸೋಮಾರಿತನ ಆತ್ಮದ ಶತ್ರುವೆಂದು ಎಚ್ಚರಿಸುವ 48ನೆಯ ಅಧ್ಯಾಯ, ದೈಹಿಕ ದುಡಿಮೆಗೂ ಓದಿಗೂ ಗಂಟೆಗಳನ್ನು ಗೊತ್ತುಮಾಡುತ್ತದೆ. ನಮ್ರತೆಯ ಹನ್ನೆರಡನೆಯ ಮೆಟ್ಟಿಲನ್ನು ಏರಿದ ಸನ್ಯಾಸಿಯ ನಮ್ರತೆ ಪ್ರಾರ್ಥನಾಲಯದಲ್ಲಿ ಮಾತ್ರವಲ್ಲ, ತೋಟದಲ್ಲಿಯೂ ಹೊಲದಲ್ಲಿಯೂ ಕಾಣಬೇಕು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು 31ನೆಯ ಅಧ್ಯಾಯ. ಮಠದ ಉಗ್ರಾಣಿಯು ಅಲ್ಲಿನ ಉಪಕರಣಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಅದು ವಿಧಿಸುತ್ತದೆ. ಗುದ್ದಲಿಯೂ ನೀರಿನ ಕೊಡವೂ ಅದರಲ್ಲಿ ಸೇರಿದವಲ್ಲವೇ?

ಗೋರಿಗಳ ನಡುವೆ ಹಣ್ಣಿನ ಮರಗಳು

ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿ 9ನೆಯ ಶತಮಾನದ ಆದಿಭಾಗದ ಒಂದು ನಕ್ಷೆಯಿದೆ. ಐದು ತೊಗಲಿನ ಹಾಳೆಗಳನ್ನು ಹೊಲಿದು ಬರೆದ ಈ ನಕ್ಷೆ ಆದರ್ಶ ಮಠವೊಂದು ಹೇಗಿರಬೇಕೆಂಬುದನ್ನು ತೋರಿಸುತ್ತದೆ. ರೋಗಿಗಳ ಮನೆಯ ಸಮೀಪ ಹದಿನಾರು ಮಡಿಗಳ ಔಷಧಿ ತೋಟ. ಆಚೆ ಹದಿನೆಂಟು ಮಡಿಗಳ ತರಕಾರಿ ತೋಟ, ಪಕ್ಕದಲ್ಲಿಯೇ ತೋಟಗಾರನ ಮನೆ. ಇವೆರಡರ ನಡುವೆ ಸನ್ಯಾಸಿಗಳ ಸಮಾಧಿಭೂಮಿ. ಅಚ್ಚರಿಯೆಂದರೆ ಆ ಸಮಾಧಿಭೂಮಿಯೇ ಹಣ್ಣಿನ ತೋಟ. ಗೋರಿಗಳ ನಡುವೆ ಸೇಬು, ಪೇರು, ಅಂಜೂರ, ಬಾದಾಮಿ ಮುಂತಾದ ಮರಗಳ ಹೆಸರುಗಳನ್ನು ಬರೆದಿದ್ದಾರೆ. ನಟ್ಟನಡುವೆ ಶಿಲುಬೆ. ಮಣ್ಣಿನ ಮರಗಳಲ್ಲೆಲ್ಲ ಅತ್ಯಂತ ಪವಿತ್ರವಾದದ್ದು ಈ ಶಿಲುಬೆಯೇ, ಇದರಲ್ಲಿ ಬಿಟ್ಟಿರುವುದು ನಿತ್ಯಜೀವದ ಹಣ್ಣು ಎಂಬರ್ಥದ ಸಾಲುಗಳನ್ನು ಅಲ್ಲಿ ಬರೆಯಲಾಗಿದೆ. ನೆಟ್ಟವರು ಅಲ್ಲೇ ಮಣ್ಣಾಗುವರು. ಹಣ್ಣನ್ನು ಮುಂದಿನವರು ತಿನ್ನುವರು. ಇದರಲ್ಲಿ ದುಃಖಪಡುವಂಥದ್ದೇನೂ ಆ ನಕ್ಷೆ ಬರೆದವರಿಗೆ ಕಾಣಲಿಲ್ಲ.

ಈ ನಕ್ಷೆ ತಯಾರಾದದ್ದು ರೈಕೆನಾವು ದ್ವೀಪದ ಮಠದಲ್ಲಿ. ಅದೇ ಮಠಕ್ಕೆ 838ರಲ್ಲಿ ಅಧಿಪತಿಯಾದ ವಾಲಾಫ್ರಿಡ್ ಸ್ಟ್ರಾಬೊ ಅವರು ತಮ್ಮ ಪುಟ್ಟ ತೋಟವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಕಾವ್ಯ ಬರೆದರು. ವಸಂತ ಬಂದಾಗ ತಮ್ಮ ಬಾಗಿಲ ಮುಂದಿನ ನೆಲವನ್ನೆಲ್ಲ ಮೈ ತುರಿಸುವ ಗಿಡಗಳು ಆವರಿಸಿದ್ದು, ಅವುಗಳ ಹೆಣೆದುಕೊಂಡ ಬೇರುಗಳನ್ನು ಕಿತ್ತದ್ದು, ಬರ ಬಂದಾಗ ಎಳೆಯ ಸಸಿಗಳು ಕೊಚ್ಚಿಹೋಗದಿರಲೆಂದು ಬೊಗಸೆಯಿಂದ ಹನಿಹನಿಯಾಗಿ ನೀರು ಬಿಟ್ಟದ್ದು, ಎಲ್ಲವನ್ನೂ ಅವರು ಹೇಳುತ್ತಾರೆ. ಅಂಗೈ ದಡ್ಡುಗಟ್ಟುವುದಕ್ಕೂ ಬುಟ್ಟಿಯಲ್ಲಿ ಗೊಬ್ಬರ ಹೊರುವುದಕ್ಕೂ ಹಿಂಜರಿಯದವನಿಗೆ ಮಾತ್ರ ತೋಟದ ವಿದ್ಯೆ ತಿಳಿಯುತ್ತದೆ ಎಂಬುದು ಅವರ ಮತ. ಪುಸ್ತಕದಲ್ಲಿ ಓದಿದ್ದಷ್ಟೇ ಅಲ್ಲ, ಕೈಯಿಂದ ಮಾಡಿ ಕಲಿತದ್ದು ಎಂದು ಸ್ಪಷ್ಟಪಡಿಸುತ್ತಾರೆ. ಕಾವ್ಯದ ಕೊನೆಯಲ್ಲಿ ಗುಲಾಬಿ ರಕ್ತಸಾಕ್ಷಿಗಳ ಗುರುತಾಗಿ, ಲಿಲ್ಲಿ ವಿಶ್ವಾಸದ ಗುರುತಾಗಿ ಅರಳುತ್ತವೆ. 849ರಲ್ಲಿ ಲ್ವಾರ್ ನದಿಯನ್ನು ದಾಟುವಾಗ ಮುಳುಗಿ ಅವರು ತೀರಿಕೊಂಡರು. ಆಗ ಅವರ ವಯಸ್ಸು ಸುಮಾರು ನಲವತ್ತು.

ಬಾವಿ, ಚಕ್ರ, ಕಾಲುವೆ, ಮಳೆ

ತೋಟದ ಕೆಲಸವನ್ನು ಪ್ರಾರ್ಥನೆಯ ಪಾಠವನ್ನಾಗಿ ಮಾಡಿದವರಲ್ಲಿ ಆವಿಲದ ಸಂತ ತೆರೇಸರಿಗೆ (1515–1582) ಸಮನಾದವರು ವಿರಳ. 1565ರ ವೇಳೆಗೆ ಪೂರ್ಣಗೊಳಿಸಿದ ಆತ್ಮಚರಿತ್ರೆಯಲ್ಲಿ ಅವರು ಆತ್ಮವನ್ನು ತೋಟಕ್ಕೆ ಹೋಲಿಸುತ್ತಾರೆ. ನೆಲ ಬಂಜರು, ಕಳೆ ತುಂಬಿದೆ. ಕಳೆಯನ್ನು ಕಿತ್ತು ಒಳ್ಳೆಯ ಸಸಿಗಳನ್ನು ನೆಡುವವರು ಪ್ರಭುವೇ. ಅವು ಬಾಡದಂತೆ ನೀರುಣಿಸುವುದು ನಮ್ಮ ಪಾಲಿನ ಕೆಲಸ. ನೀರುಣಿಸಲು ನಾಲ್ಕು ಬಗೆಗಳಿವೆ. ಮೊದಲನೆಯದು ಬಾವಿಯಿಂದ ಸೇದುವುದು. ಇದರಲ್ಲಿ ರಟ್ಟೆಯ ಶ್ರಮ ಹೆಚ್ಚು. ಎರಡನೆಯದು ಬಕೆಟ್ಟುಗಳ ಚಕ್ರವನ್ನು ತಿರುಗಿಸುವುದು. ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯ ನೀರನ್ನು ಹರಿಸಿಕೊಳ್ಳುವುದು. ನಾಲ್ಕನೆಯದು ಮಳೆ, ಅಲ್ಲಿ ನಮ್ಮ ಶ್ರಮವೇ ಇಲ್ಲ, ಎಲ್ಲವೂ ದೇವರ ಕೊಡುಗೆ.

ಏತವನ್ನೂ ಕಪಿಲೆಯನ್ನೂ ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ತೆರೇಸರು ಇನ್ನೊಂದು ಮಾತು ಸೇರಿಸುತ್ತಾರೆ. ಕೆಲವೊಮ್ಮೆ ಕೊಡ ಇಳಿಬಿಟ್ಟರೂ ಬಾವಿಯಲ್ಲಿ ನೀರೇ ಇರುವುದಿಲ್ಲ. ಆಗ ತೋಟಗಾರ ಏನು ಮಾಡಬೇಕು? ಸಂತೋಷದಿಂದಲೇ ಇರಬೇಕು, ಬಾವಿಗೆ ಹೋಗುವುದನ್ನು ಬಿಡಬಾರದು. ತೋಟ ತನ್ನದಲ್ಲ, ಅದರ ಒಡೆಯನನ್ನು ಮೆಚ್ಚಿಸುವುದಷ್ಟೇ ತನ್ನ ಕೆಲಸ ಎಂದು ತಿಳಿಯಬೇಕು. ಇದು ಪುಸ್ತಕದ ಪಾಂಡಿತ್ಯವಲ್ಲ. ಹಲವಾರು ವರ್ಷ ಪ್ರಾರ್ಥನೆಯಲ್ಲಿ ಒಣಗಿದ ಅನುಭವ ಅವರಿಗಿತ್ತು. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುವುದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂತಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಬಟಾಣಿ ಬಳ್ಳಿಗಳ ಗುರು

ಕೊನೆಯದಾಗಿ, ನಮ್ಮ ಕಾಲಕ್ಕೆ ಹತ್ತಿರದ ಒಬ್ಬ ತೋಟಗಾರ ಗುರುಗಳು. ರೈತನ ಮಗನಾಗಿ 1822ರಲ್ಲಿ ಹುಟ್ಟಿದ ಗ್ರೆಗೊರ್ ಮೆಂಡೆಲ್, 1843ರಲ್ಲಿ ಈಗಿನ ಚೆಕ್ ಗಣರಾಜ್ಯದ ಬ್ರನೋ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದರು. ರೋಗಿಗಳ ಹಾಸಿಗೆಯ ಬಳಿ ನಿಂತರೆ ತಾವೇ ಅಸ್ವಸ್ಥರಾಗುತ್ತಿದ್ದುದರಿಂದ ಧರ್ಮಕೇಂದ್ರದ ಸೇವೆ ಅವರಿಗೆ ಒಗ್ಗಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಲಿಲ್ಲ. ಅವರಿಗೆ ದಕ್ಕಿದ್ದು ಮಠದ ತೋಟದ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ನೆಲ.

ಅಲ್ಲಿ 1856ರಿಂದ 1863ರವರೆಗೆ ಅವರು ಸಹಸ್ರಾರು ಬಟಾಣಿ ಗಿಡಗಳನ್ನು ಬೆಳೆಸಿದರು. ಅರಳದ ಮೊಗ್ಗನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ತೆಗೆದು, ಬೇರೆ ಗಿಡದ ಪರಾಗವನ್ನು ಸವರಿ, ಚಿಕ್ಕ ಚೀಲ ಕಟ್ಟಿ, ಕಾಳುಗಳನ್ನು ಒಂದೊಂದಾಗಿ ಎಣಿಸಿದರು. ತಂದೆತಾಯಿಗಳ ಗುಣಗಳು ಸಂತತಿಗೆ ಹೇಗೆ ಇಳಿದುಬರುತ್ತವೆ ಎಂಬುದರ ನಿಯಮಗಳನ್ನು ಕಂಡುಕೊಂಡು 1865ರಲ್ಲಿ ಊರಿನ ವಿಜ್ಞಾನ ಸಂಘದ ಮುಂದೆ ಮಂಡಿಸಿದರು, 1866ರಲ್ಲಿ ಪ್ರಕಟಿಸಿದರು. ಲೋಕ ಬಹುಮಟ್ಟಿಗೆ ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಮೇಲೆ ಆಡಳಿತದ ಹೊರೆ, ಸರ್ಕಾರದೊಡನೆ ತೆರಿಗೆಯ ವ್ಯಾಜ್ಯ ಇವುಗಳಲ್ಲಿ ವರ್ಷಗಳು ಕಳೆದವು. 1884ರ ಜನವರಿ 6ರಂದು ಅವರು ತೀರಿಕೊಂಡರು. ಹದಿನಾರು ವರ್ಷಗಳ ನಂತರ, 1900ರಲ್ಲಿ, ಮೂವರು ವಿಜ್ಞಾನಿಗಳ ಮೂಲಕ ಅವರ ಕೆಲಸ ಬೆಳಕಿಗೆ ಬಂತು. ಇಂದು ಅವರನ್ನು ತಳಿವಿಜ್ಞಾನದ ಪಿತಾಮಹರೆಂದು ಶಾಲಾ ಮಕ್ಕಳೂ ಬಲ್ಲರು.

ಮೆಂಡೆಲರಿಗೆ ಕೊನೆಗೂ ಕೀರ್ತಿ ಬಂತಲ್ಲ ಎಂದು ಇದನ್ನೂ ಹಿತವಾದ ಕಥೆಯನ್ನಾಗಿ ಮಾಡಿಕೊಳ್ಳಬಹುದು. ಆದರೆ ಆ ಕೀರ್ತಿಯನ್ನು ಅವರು ಕಾಣಲಿಲ್ಲ. ಕಾಳು ಎಣಿಸುತ್ತಾ ಕುಳಿತಿದ್ದ ದಿನಗಳಲ್ಲಿ ಅವರ ಮುಂದಿದ್ದದ್ದು ಕಾಳುಗಳು ಮಾತ್ರ. ಅವುಗಳನ್ನು ಅವರು ಸರಿಯಾಗಿ ಎಣಿಸಿದರು.

ಇನ್ನೊಂದು ವರ್ಷ

ಇವರೆಲ್ಲರನ್ನೂ ಓದಿ ಮುಗಿಸಿದಾಗ ನನಗೆ ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದ ಸಾಮತಿ ಹೊಸದಾಗಿ ಅರ್ಥವಾಯಿತು. ಮೂರು ವರ್ಷಗಳಿಂದ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕೆಂದು ಒಡೆಯನು ಹೇಳುತ್ತಾನೆ. ತೋಟಗಾರನು, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಮರುವರ್ಷ ಮರ ಹಣ್ಣು ಬಿಟ್ಟಿತೇ? ಪ್ರಭು ಯೇಸು ಅದನ್ನು ಹೇಳುವುದಿಲ್ಲ. ಸಾಮತಿ ಅಷ್ಟಕ್ಕೇ ನಿಲ್ಲುತ್ತದೆ. ನಮಗೆ ಉಳಿಯುವುದು ಗುದ್ದಲಿ, ಗೊಬ್ಬರ ಮತ್ತು ಒಂದು ವರ್ಷ. ಸಂತ ಪೌಲರೂ ಕೊರಿಂಥದವರಿಗೆ ಇದನ್ನೇ ಬರೆದರು: ನೆಟ್ಟವನು ಒಬ್ಬ, ನೀರೆರೆದವನು ಇನ್ನೊಬ್ಬ, ಬೆಳವಣಿಗೆ ಮಾತ್ರ ದೇವರದು.

ಇದು ಕೈಕಟ್ಟಿ ಕುಳಿತುಕೊಳ್ಳಲು ಅನುಮತಿಯಲ್ಲ. ಗೊಬ್ಬರ ಹೊರದವನಿಗೆ ಇನ್ನೊಂದು ವರ್ಷ ಕೇಳುವ ಅಧಿಕಾರವಿಲ್ಲ. ಆದರೆ ಹೊತ್ತ ಮೇಲೆ, ಹಣ್ಣು ನನ್ನ ಕಣ್ಣೆದುರೇ ಬರಬೇಕೆಂಬ ಹಠವನ್ನು ಬಿಡಬೇಕು. ಆ ಹಠ ನನ್ನಲ್ಲಿತ್ತು. ಸಪೋಟ ಮರಗಳಿಗಾಗಿ ನಾನು ನೊಂದದ್ದು ಮರಗಳ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಅವುಗಳಲ್ಲಿ ನನ್ನ ಹೆಸರನ್ನು ನೆಟ್ಟಿದ್ದೆ. ಅಂದು ಆ ಹಾಸುಗಲ್ಲಿನ ಮೇಲೆ ವಾಹನವೊಂದು ಬಂದು ನಿಂತು, ನಡೆಯಲಾಗದ ವೃದ್ಧೆಯೊಬ್ಬರನ್ನು ಮಕ್ಕಳು ಕೈಹಿಡಿದು ಇಳಿಸಿ ದೇವಾಲಯದ ಬಾಗಿಲಿಗೆ ನಾಲ್ಕೇ ಹೆಜ್ಜೆಯಲ್ಲಿ ಕರೆದೊಯ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಬರುವವರಿಗೆ ಉಪಶಮನವಾಗಲೆಂದು ತರಕಾರಿ ಹಾಕಿದ ಅಂತೋಣಿಯವರಾಗಿದ್ದರೆ ಅದನ್ನೇ ಮೊದಲು ಕಾಣುತ್ತಿದ್ದರು. ಆ ಮಕ್ಕಳು ನೀರು ಹೊತ್ತು ಕಲಿತ ತಾಳ್ಮೆ ಈಗ ಯಾವ ಮನೆಯಲ್ಲಿ, ಯಾವ ಊರಿನಲ್ಲಿ ಚಿಗುರಿದೆಯೋ ದೇವರು ಬಲ್ಲರು.

ಈ ಸಲದ ಮುಂಗಾರಿಗೆ ಈಗಿರುವ ಧರ್ಮಕೇಂದ್ರದ ಹಿತ್ತಿಲಿನಲ್ಲಿ ಎರಡು ಹಲಸಿನ ಸಸಿಗಳನ್ನು ನೆಟ್ಟಿದ್ದೇನೆ. ಹಲಸು ಬೇಗ ಫಲ ಕೊಡುವ ಮರವಲ್ಲ; ನನ್ನ ವರ್ಗಾವಣೆಯ ಕಾಲವೂ ದೂರವಿಲ್ಲ. ಸಂಜೆ ಪಾತಿ ಬಿಡಿಸಿ, ನೀರು ಹಾಕಿ, ಗುದ್ದಲಿಗೆ ಹತ್ತಿದ ಮಣ್ಣನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿಡುತ್ತೇನೆ. ಆಮೇಲೆ ಕೈ ತೊಳೆದುಕೊಂಡು ಸಂಜೆಯ ಪ್ರಾರ್ಥನೆಗೆ ಹೋಗುತ್ತೇನೆ.